ಕಳವಾದಾಗ ಮೊದಲು ಯಾರ ಕಡೆ ನೋಡುತ್ತೇವೆ?

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ, ಅಬ್ಬಾ ಅವರ ನಿಕಾಹಿನ ಶೇರ್ವಾನಿಯ ಕೆಳಗೆ, ರಟ್ಟು ಹರಿದ ಸಣ್ಣ ಪುಸ್ತಕಗಳ ಗಂಟೊಂದು ಇರುತ್ತಿತ್ತು. ದೀನಿ ಕಿತಾಬುಗಳಿಗೆ ಗೋಡೆಯ ಗೂಡು, ಶಾಲೆಯ ಪುಸ್ತಕಗಳಿಗೆ ಕೈಚೀಲ, ಇವಕ್ಕೆ ಮಾತ್ರ ಟ್ರಂಕು ಮತ್ತು ಬೀಗ. ಅಡಗಿಸಿ ಇಟ್ಟಿದ್ದಾರೆಂದ ಮೇಲೆ ಹುಡುಕದೆ ಬಿಡುವುದು ಹೇಗೆ? 1990ರ ಆಸುಪಾಸಿನ ಒಂದು ಬೇಸಿಗೆ ರಜೆಯಲ್ಲಿ, ಮನೆಯ ದೊಡ್ಡವರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ನಾವು ನಮ್ಮ ಬದುಕಿನ ಮೊದಲ ಪತ್ತೇದಾರಿಕೆ ನಡೆಸಿ ಕೀಲಿಕೈ ಹುಡುಕಿದೆವು. ಗಂಟಿನಲ್ಲಿದ್ದದ್ದು ಇಬ್ನೆ ಸಫಿಯವರ 'ಜಾಸೂಸಿ ದುನಿಯಾ'.

ಆ ಪುಸ್ತಕಗಳು ನಮ್ಮ ಸೀಮೆಯಲ್ಲಿ ಬೀಗರಂತೆ ಓಡಾಡಿಕೊಂಡಿದ್ದವು. ಸೊಲ್ಲಾಪುರದಿಂದಲೋ ಗುಲ್ಬರ್ಗಾದಿಂದಲೋ ಯಾರೋ ತಂದದ್ದು ಮೊದಲು ಇಂಡಿಯ ಮಾಮಾ ಅವರ ಕೈಗೆ, ಅಲ್ಲಿಂದ ಸಿಂದಗಿಯ ಖಾಲಾ ಅವರ ಮನೆಗೆ, ಯಾರದೋ ಮದುವೆಯ ನೆಪದಲ್ಲಿ ಮುದ್ದೇಬಿಹಾಳಕ್ಕೆ, ಕೊನೆಗೆ ಬಸವನ ಬಾಗೇವಾಡಿಯ ಬಸ್ಸಿನಲ್ಲಿ ನಮ್ಮಲ್ಲಿಗೆ. ಇಷ್ಟು ಊರು ತಿರುಗಿ ಬರುವಷ್ಟರಲ್ಲಿ ಮೊದಲ ಹಾಳೆ ಮತ್ತು ಕೊನೆಯ ಹಾಳೆ ಉದುರಿರುತ್ತಿದ್ದವು. ಮೊದಲ ಹಾಳೆ ಹೋದರೆ ಚಿಂತೆಯಿಲ್ಲ. ಕೊನೆಯದು ಹೋದರೆ ಕೊಲೆಗಾರನೇ ಪರಾರಿ! ಒಮ್ಮೆ ನಮ್ಮ ಅಣ್ಣ ಇಂಡಿಯ ಮಾಮಾ ಅವರಿಗೆ ಇನ್‌ಲ್ಯಾಂಡ್ ಪತ್ರ ಬರೆದು, ಸಲಾಮ್ ಮತ್ತು ಕ್ಷೇಮ ಸಮಾಚಾರಗಳ ನಂತರ, 'ಖೂನಿ ಕೌನ್?' ಎಂದು ಕೇಳಿದ್ದುಂಟು.

ಉರ್ದು ಪ್ರಾಥಮಿಕ ಶಾಲೆ ಮುಗಿಸಿ ಕನ್ನಡ ಹೈಸ್ಕೂಲು ಸೇರಿದಾಗ ಇನ್ನೊಂದು ಬಾಗಿಲು ತೆರೆಯಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಲ್ಲಿ ನಮಗಾಗಿ ಕಾಯುತ್ತಿದ್ದ. ಕರ್ನಲ್ ಫರೀದಿಯನ್ನು ಬಲ್ಲ ನಮಗೆ ಪುರುಷೋತ್ತಮ ಅಪರಿಚಿತ ಎನಿಸಲಿಲ್ಲ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ಅಜ್ಜ ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಬಾಡಿಗೆ ಮನೆ ಹಿಡಿದಿದ್ದ ಷೆರ್ಲಾಕ್ ಹೋಮ್ಸ್.

ಲಂಡನ್ನಿನಿಂದ ಭೀಮಾ ತೀರಕ್ಕೆ

ಆರ್ಥರ್ ಕಾನನ್ ಡಾಯ್ಲ್ ಹೋಮ್ಸ್‌ನನ್ನು ಲೋಕಕ್ಕೆ ಪರಿಚಯಿಸಿದ್ದು 1887ರಲ್ಲಿ. 1891ರಿಂದ 'ಸ್ಟ್ರಾಂಡ್' ಮಾಸಿಕದಲ್ಲಿ ಬಂದ ಸಣ್ಣಕತೆಗಳು ಅವನನ್ನು ಮನೆಮಾತಾಗಿಸಿದವು. ಇಂಗ್ಲಿಷ್ ಕಲಿತ ಭಾರತೀಯರು ಅವನನ್ನು ಓದಿದರು, ಕಲಿಯದವರಿಗೆ ತಮ್ಮ ಭಾಷೆಯಲ್ಲಿ ಹೇಳಿದರು. ಉರ್ದುವಿನಲ್ಲಿ ತೀರಥ್ ರಾಮ್ ಫಿರೋಜ್‌ಪುರಿಯವರು ಇಂಗ್ಲಿಷಿನ ನೂರಕ್ಕೂ ಹೆಚ್ಚು ರೋಚಕ ಪುಸ್ತಕಗಳನ್ನು ಅನುವಾದಿಸಿದರು. ಪೊಲೀಸ್ ಅಧಿಕಾರಿಯೇ ಆಗಿದ್ದ ಜಫರ್ ಉಮರ್ ಅವರ 'ನೀಲಿ ಛತ್ರಿ' 1916ರಲ್ಲಿ ಬಂತು. ಅದು ಫ್ರೆಂಚ್ ಲೇಖಕ ಮೊರಿಸ್ ಲಬ್ಲಾನ್‌ನ ಕತೆಯ ರೂಪಾಂತರ.

ಹೀಗೆ ಹದಗೊಂಡ ನೆಲದಲ್ಲಿ ಬೆಳೆದವರು ಇಬ್ನೆ ಸಫಿ. ಅವರ ನಿಜನಾಮ ಅಸ್ರಾರ್ ಅಹ್ಮದ್, ಹುಟ್ಟಿದ್ದು 1928ರಲ್ಲಿ ಅಲಹಾಬಾದ್ ಜಿಲ್ಲೆಯ ನಾರಾ ಎಂಬಲ್ಲಿ. ಉರ್ದುವಿನಲ್ಲಿ ಅಶ್ಲೀಲ ಬರೆದರೆ ಮಾತ್ರ ಪುಸ್ತಕ ಮಾರಾಟವಾಗುತ್ತದೆ ಎಂದು ಒಂದು ಕೂಟದಲ್ಲಿ ಯಾರೋ ಹೇಳಿದರಂತೆ. ಅದನ್ನು ಸುಳ್ಳು ಮಾಡಲೆಂದೇ ಅವರು ಪತ್ತೇದಾರಿ ಬರವಣಿಗೆಗೆ ಇಳಿದರೆಂದು ಪ್ರಸಿದ್ಧಿ. 1952ರ ಮಾರ್ಚ್‌ನಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲಿಕೆ ಶುರುವಾಯಿತು. ಅದೇ ವರ್ಷ ಅವರು ಕರಾಚಿಗೆ ಹೋದರು. 1955ರಲ್ಲಿ ಇಮ್ರಾನ್ ಮಾಲಿಕೆ ಆರಂಭಿಸಿದರು. ದೇಶ ಎರಡಾದರೂ ಓದುಗರು ಎರಡಾಗಲಿಲ್ಲ, ಅಲಹಾಬಾದಿನಲ್ಲೂ ಅವರ ಪುಸ್ತಕಗಳು ಅಚ್ಚಾಗುತ್ತಲೇ ಇದ್ದವು. ಹಿಂದಿ ಆವೃತ್ತಿಯಲ್ಲಿ ಫರೀದಿ 'ವಿನೋದ್' ಆದ, ಇಮ್ರಾನ್ 'ರಾಜೇಶ್' ಆದ. ಹೆಸರು ಬದಲಾದದ್ದರಿಂದ ಕಳ್ಳ ಸಿಕ್ಕಿಬೀಳುವುದೇನೂ ತಪ್ಪಲಿಲ್ಲ! 1980ರ ಜುಲೈ 26ರಂದು, ತಮ್ಮ ಹುಟ್ಟಿದ ದಿನದಂದೇ, ಅವರು ತೀರಿಕೊಂಡರು. ಆ ಹೊತ್ತಿಗೆ ಸುಮಾರು 245 ಕಾದಂಬರಿಗಳು ಅವರ ಹೆಸರಿನಲ್ಲಿದ್ದವು.

ಕನ್ನಡದ ಕತೆಯೂ ಕಡಿಮೆಯದಲ್ಲ. ನಾಲ್ಕನೆಯ ತರಗತಿಯಷ್ಟೇ ಓದಿದ್ದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಇಂದು ನಾವು ಹಾರಿಸುವ ಹಳದಿ-ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು ಎಂಬುದು ಎಷ್ಟು ಜನರಿಗೆ ನೆನಪಿದೆಯೋ. ಮಾ.ಭೀ. ಶೇಷಗಿರಿರಾಯರು, ಟಿ.ಕೆ. ರಾಮರಾಯರು ಈ ಸಾಲಿನವರೇ. ಇನ್ನು ಇಂಡಿಯಂಥ ಗಡಿ ತಾಲ್ಲೂಕಿನಲ್ಲಿ ಮರಾಠಿಯ ಓದೂ ಇತ್ತು. ಸಾವಿರಕ್ಕೂ ಹೆಚ್ಚು ರಹಸ್ಯಕತೆಗಳನ್ನು ಬರೆದ ಬಾಬೂರಾವ್ ಅರ್ನಾಳಕರರ ಪುಸ್ತಕಗಳಿಗೆ ಭೀಮಾ ನದಿ ಅಡ್ಡಿಯಾಗುವಂತಿರಲಿಲ್ಲ. ಮೂರು ಭಾಷೆಗಳ ಓದುಗರು ಒಂದೇ ಬಗೆಯ ಪುಸ್ತಕ ಹಿಡಿದು ಕೂರುತ್ತಿದ್ದ ಕಾಲ ಅದು. ಪಂಡಿತರು ಇವನ್ನು ಸಾಹಿತ್ಯ ಎನ್ನಲಿಲ್ಲ, ಮೌಲ್ವಿಗಳು ವಕ್ತ್ ಬರ್ಬಾದ್ ಎಂದರು. ಆದರೆ ಸಾವಿರಾರು ಜನ ಸರಾಗವಾಗಿ ಓದಲು ಕಲಿತದ್ದು ಇವುಗಳಿಂದಲೇ. ನಮ್ಮ ಕನ್ನಡವೂ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಪುರುಷೋತ್ತಮನ ಬೆನ್ನು ಹತ್ತಿ ನಡೆದೇ ಗಟ್ಟಿಯಾಯಿತು.

ಪರದೆಯ ಮೇಲೆ

ಓದಲು ಬಾರದವರಿಗೆ ಸಿನೆಮಾ ಇತ್ತು. ಡಾಯ್ಲ್‌ನ ಬಾಸ್ಕರ್‌ವಿಲ್ ಬೇಟೆನಾಯಿಯ ಕತೆಯನ್ನು ಆಧರಿಸಿ 1962ರಲ್ಲಿ 'ಬೀಸ್ ಸಾಲ್ ಬಾದ್' ಬಂತು. ಇಂಗ್ಲೆಂಡಿನ ಜೌಗು ಬಯಲು ಹೋಗಿ ನಮ್ಮದೇ ಹಳ್ಳಿಯ ಹವೇಲಿ ಬಂತು, ನಾಯಿಯ ಜಾಗದಲ್ಲಿ ಹೆಣ್ಣಿನ ಹಾಡು ಬಂತು. ಅಗಾಥಾ ಕ್ರಿಸ್ಟಿ 1939ರಲ್ಲಿ ಬರೆದ, ನಿರ್ಜನ ದ್ವೀಪದಲ್ಲಿ ಹತ್ತು ಜನ ಒಬ್ಬೊಬ್ಬರಾಗಿ ಸಾಯುವ ಕತೆ 1965ರ 'ಗುಮ್‌ನಾಮ್' ಆಯಿತು. ಆಕೆಯದೇ ನಾಟಕವೊಂದು 1973ರಲ್ಲಿ ಬಿ.ಆರ್. ಚೋಪ್ರಾ ಅವರ 'ಧುಂಧ್' ಆಯಿತು. ಅದೇ ನಾಟಕದ ನೆರಳು 1989ರ ಕನ್ನಡದ 'ತರ್ಕ'ದ ಮೇಲೂ ಇದೆ. ಸುನೀಲ್ ಕುಮಾರ್ ದೇಸಾಯಿ ನಿರ್ದೇಶಿಸಿ, ಶಂಕರನಾಗ್ ಅಭಿನಯಿಸಿದ ಆ ಚಿತ್ರದಲ್ಲಿ ಒಂದೂ ಹಾಡಿರಲಿಲ್ಲ. ಹಾಡಿಲ್ಲದ ಸಿನೆಮಾವನ್ನೂ ನಮ್ಮ ಜನ ಉಸಿರು ಬಿಗಿಹಿಡಿದು ನೋಡಿದರು.

ಮುಂದೆ ದೂರದರ್ಶನ ಬಂತು. 1985ರಲ್ಲಿ ಗಜ್ಜರಿ ಕಚ್ಚುತ್ತ ಕೊಲೆಗಾರನನ್ನು ಹಿಡಿಯುವ ಪಂಕಜ್ ಕಪೂರರ 'ಕರಮ್‌ಚಂದ್'. 1993ರಲ್ಲಿ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ'. ಓಣಿಗೊಂದೇ ಟಿ.ವಿ. ಇದ್ದ ಕಾಲದಲ್ಲಿ ಕರೆಂಟು ಹೋದರೆ ಕೊಲೆಗಾರ ಯಾರೆಂದು ಊಹಿಸುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಬ್ರಿಟಿಷರೇ ತೆಗೆದ ಮೂಲ ರೂಪಗಳನ್ನು ನಾವು ನೋಡಿದ್ದು ತೀರ ತಡವಾಗಿ, ಅಂಗೈಯಲ್ಲಿ ಹಿಡಿಯುವ ಫೋನು ಬಂದ ಮೇಲೆ. 1984ರಿಂದ 1994ರವರೆಗೆ ಜೆರೆಮಿ ಬ್ರೆಟ್ ಹೋಮ್ಸ್ ಆಗಿ ನಟಿಸಿದ ಸರಣಿ, 1989ರಿಂದ 2013ರವರೆಗೆ ಡೇವಿಡ್ ಸೂಶೆ ಹರ್ಕ್ಯುಲ್ ಪೊಯ್ರೋ ಆಗಿ ನಟಿಸಿದ 70 ಕಂತುಗಳು. ಮಕ್ಕಳು ಮಲಗಿದ ಮೇಲೆ ನಾವೂ ನಮ್ಮ ಮನೆಯವರೂ ಒಂದೊಂದೇ ಕಂತು ನೋಡುತ್ತೇವೆ. ಹಸಿರು ಹುಲ್ಲುಹಾಸು, ಬೆಳ್ಳಿಯ ಚಹಾ ತಟ್ಟೆ, ಗ್ರಂಥಾಲಯದ ನೆಲದ ಮೇಲೊಂದು ಹೆಣ. ಕೊನೆಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಎಲ್ಲರ ಮೇಲಿನ ಗುಮಾನಿಯನ್ನೂ ಒಂದೊಂದಾಗಿ ಕಳಚಿ, ನಿಜವಾದ ಅಪರಾಧಿಯ ಮುಂದೆ ಬಂದು ನಿಲ್ಲುವ ಪೊಯ್ರೋ. ಈ ಆನಂದವನ್ನು ನಾವು ನಿರಾಕರಿಸಲಾರೆವು.

ಆದರೆ ಬರೆಯುವವರಿಗೆ ಒಂದು ಕೆಟ್ಟ ಚಟವಿರುತ್ತದೆ. ಇಷ್ಟಪಟ್ಟ ವಸ್ತುವನ್ನು ಬಿಚ್ಚಿ ನೋಡದಿದ್ದರೆ ಸಮಾಧಾನವಿಲ್ಲ. ಹಾಗೆ ಬಿಚ್ಚಿ ನೋಡಿದಾಗ ಒಳಗೆ ನಮ್ಮದೇ ಸೀಮೆಯ ಮಣ್ಣು ಸಿಕ್ಕಿತು.

ಕದ್ದವರು ಯಾರು?

ಇಂಗ್ಲಿಷಿನ ಮೊದಲ ದೊಡ್ಡ ಪತ್ತೇದಾರಿ ಕಾದಂಬರಿ ಎಂದು ಅನೇಕರು ಒಪ್ಪುವ ವಿಲ್ಕಿ ಕಾಲಿನ್ಸನ 'ಮೂನ್‌ಸ್ಟೋನ್' 1868ರಲ್ಲಿ ಪ್ರಕಟವಾಯಿತು. ಅದು ಶುರುವಾಗುವುದು ಲಂಡನ್ನಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು, ಟಿಪ್ಪು ಸುಲ್ತಾನರು ಹುತಾತ್ಮರಾದ ದಿನ, ಕೋಟೆಯೊಳಗೆ ನುಗ್ಗಿದ ಇಂಗ್ಲಿಷ್ ಅಧಿಕಾರಿಯೊಬ್ಬ ಕಾವಲಿನವರನ್ನು ಕೊಂದು ವಜ್ರವೊಂದನ್ನು ಕದಿಯುತ್ತಾನೆ. ವಜ್ರ ಕಲ್ಪಿತ, ಲೂಟಿ ನಿಜ. ಐವತ್ತು ವರ್ಷಗಳ ನಂತರ ಇಂಗ್ಲೆಂಡಿನ ಒಂದು ಬಂಗಲೆಯಲ್ಲಿ ಅದು ಮತ್ತೆ ಕಳುವಾದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಆ ಊರಿಗೆ ಬಂದಿದ್ದ ಮೂವರು ಭಾರತೀಯರ ಕಡೆ. ಅವರನ್ನು ಹಿಡಿದು ಒಳಗೆ ಹಾಕಲಾಗುತ್ತದೆ. ಆ ರಾತ್ರಿ ಅವರು ಕದ್ದಿರಲಿಲ್ಲ ಎಂದು ಆಮೇಲೆ ಗೊತ್ತಾಗುತ್ತದೆ. ಕದ್ದವನ ಹೆಸರು ಹೇಳಿ ಓದುಗರ ಸುಖ ಕೆಡಿಸುವುದಿಲ್ಲ, ಧರ್ಮಕಾರ್ಯಗಳಿಗೆ ಹೆಸರಾದ ಒಬ್ಬ ಮರ್ಯಾದಸ್ಥ ಇಂಗ್ಲಿಷ್ ಗೃಹಸ್ಥ ಎಂದರೆ ಸಾಕು.

ಇನ್ನೊಂದು ಎಳೆ ನಮ್ಮ ಬಾಗಿಲಿಗೇ ಬರುತ್ತದೆ. ಮುದ್ದೇಬಿಹಾಳದಿಂದ ತಾಳಿಕೋಟೆ ದಾಟಿ ಮೂಡಣಕ್ಕೆ ಹೋದರೆ ಸುರಪುರ. ಅಲ್ಲಿ 'ಟೇಲರ್ ಮಂಜಿಲ್' ಎಂಬ ಬಂಗಲೆ ಇದೆ. ಬೇಡ ದೊರೆ ವೆಂಕಟಪ್ಪ ನಾಯಕ ಬಾಲಕನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇದ್ದದ್ದು ಅಲ್ಲಿಯೇ, 1853ರವರೆಗೆ. ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಅವನು ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಒಂದು ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಪ್ರಸಿದ್ಧನಾಗಿದ್ದ. ವಿಕ್ಟೋರಿಯಾ ರಾಣಿ ಕೂಡ ಅದನ್ನು ಆಸಕ್ತಿಯಿಂದ ಓದಿದಳು. ದಾರಿಹೋಕರ ಕೊರಳಿಗೆ ರುಮಾಲು ಬಿಗಿಯುವ ಅದರ ಕಥಾನಾಯಕನ ಹೆಸರು ಅಮೀರ್ ಅಲಿ. ಟೇಲರ್ ದುಷ್ಟನಲ್ಲ, ಸುರಪುರದವರು ಅವನನ್ನು ಇಂದಿಗೂ ಒಳ್ಳೆಯ ಮಾತಿನಲ್ಲಿ ನೆನೆಯುತ್ತಾರೆ. ಆದರೆ ಒಂದು ಪುಸ್ತಕ ತನ್ನ ಲೇಖಕನಿಗಿಂತ ದೂರ ಹೋಗುತ್ತದೆ. ಭಾರತದಲ್ಲಿ ಅಪರಾಧವೆನ್ನುವುದು ಹುಟ್ಟಿನಿಂದ ಬರುವ ಕುಲಕಸುಬು ಎಂಬ ಚಿತ್ರ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ಕೂತುಬಿಟ್ಟಿತು. 1890ರಲ್ಲಿ ಡಾಯ್ಲ್ ಬರೆದ 'ದ ಸೈನ್ ಆಫ್ ಫೋರ್'ನಲ್ಲಿ ಆಗ್ರಾದ ಖಜಾನೆಗಾಗಿ ಕೊಲೆ ಮಾಡುವ ನಾಲ್ವರಲ್ಲಿ ಒಬ್ಬ ಇಂಗ್ಲಿಷಿನವ, ಉಳಿದವರು ಅಬ್ದುಲ್ಲಾ ಖಾನ್, ದೋಸ್ತ್ ಅಕ್ಬರ್ ಮತ್ತು ಮಹೊಮೆಟ್ ಸಿಂಗ್! ಅವರನ್ನು ಅವನು ಸಿಖ್ಖರು ಎಂದು ಕರೆಯುತ್ತಾನೆ. ಇಂಗ್ಲೆಂಡಿನಲ್ಲಿ ಕೂತು ಬರೆಯುವವನಿಗೆ ಮುಹಮ್ಮದನೂ ಸಿಂಗನೂ ಒಂದೇ ಆಗಿ ಕಂಡರೆ ಆಶ್ಚರ್ಯವಿಲ್ಲ.

ಬೆರಳಚ್ಚು ಮತ್ತು ಹಣೆಪಟ್ಟಿ

ಪತ್ತೇದಾರಿ ಕತೆಗೆ ಭಾರತ ಖಳನನ್ನು ಮಾತ್ರ ಕೊಟ್ಟಿತೇ? ಇಲ್ಲ, ಪತ್ತೇದಾರನ ಕೈಗೆ ಅತಿ ದೊಡ್ಡ ಆಯುಧವನ್ನು ಕೊಟ್ಟದ್ದೂ ಭಾರತವೇ. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಕಲಕತ್ತೆಯಲ್ಲಿ 1897ರಲ್ಲಿ ಆರಂಭವಾಯಿತು. ಲಕ್ಷಾಂತರ ಬೆರಳಚ್ಚುಗಳ ನಡುವೆ ಬೇಕಾದ ಒಂದನ್ನು ಕೂಡಲೇ ಹುಡುಕಿ ತೆಗೆಯುವುದು ಹೇಗೆ ಎಂಬ ಗಣಿತದ ಗಂಟನ್ನು ಬಿಡಿಸಿದವರು ಖುಲನಾ ಜಿಲ್ಲೆಯ ಕಾಜಿ ಅಜೀಜುಲ್ ಹಕ್, ಅವರ ಜತೆಗೆ ಹೇಮಚಂದ್ರ ಬೋಸ್. ಆದರೆ ಆ ವಿಧಾನಕ್ಕೆ ಬಂದ ಹೆಸರು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. 1901ರಲ್ಲಿ ಹೆನ್ರಿ ಅದನ್ನು ಲಂಡನ್ನಿನ ಸ್ಕಾಟ್‌ಲೆಂಡ್ ಯಾರ್ಡಿಗೆ ಒಯ್ದ. ಬಹಳ ತಡವಾಗಿ ಹಕ್ ಅವರಿಗೆ ಖಾನ್ ಬಹಾದ್ದೂರ್ ಬಿರುದು, 5,000 ರೂಪಾಯಿ ಬಹುಮಾನ ಸಂದವು. ಇದನ್ನೂ ಒಂದು ಬಗೆಯ ಕಳವು ಎನ್ನಬಹುದು. ಇದಕ್ಕೆ ಯಾವ ಹೋಮ್ಸ್‌ನೂ ಬರಲಿಲ್ಲ.

ಬೆರಳಚ್ಚಿನ ಗುಣವೇನು? ಅದು ಒಬ್ಬ ಮನುಷ್ಯನನ್ನು ಲೋಕದ ಉಳಿದೆಲ್ಲ ಮನುಷ್ಯರಿಂದ ಬೇರ್ಪಡಿಸಿ ತೋರಿಸುತ್ತದೆ. ಜಾತಿ, ಧರ್ಮ, ಓಣಿ, ಅಡ್ಡಹೆಸರು ಯಾವುದೂ ಅದಕ್ಕೆ ಬೇಡ. ಅದೇ ಕಾಲದಲ್ಲಿ ಅದೇ ಸರ್ಕಾರ ತದ್ವಿರುದ್ಧವಾದ ಇನ್ನೊಂದು ಯಂತ್ರವನ್ನೂ ನಡೆಸುತ್ತಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಬಂತು, 1911ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಿತು. ಬಡಿಗನ ಮಗ ಬಡಿಗನಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ ಎಂಬುದು ಅದರ ಹಿಂದಿದ್ದ ತರ್ಕ. ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದರೆ ಅದರಲ್ಲಿ ಹುಟ್ಟಿದ ಕೂಸಿಗೂ ಹಣೆಪಟ್ಟಿ ಬಿತ್ತು. ಹೆಸರು ನೋಂದಾಯಿಸಬೇಕು, ಪೊಲೀಸರಿಗೆ ಹಾಜರಿ ಕೊಡಬೇಕು, ಊರು ಬಿಡಲು ಅನುಮತಿ ಬೇಕು, ಬೆರಳಚ್ಚು ಒತ್ತಬೇಕು. ಹಕ್ ಅವರ ಗಣಿತ ಹೀಗೆ ಹಣೆಪಟ್ಟಿಯ ಸೇವೆಗೂ ಬಂತು.

ಅಂದಿನ ಬಿಜಾಪುರ ಜಿಲ್ಲೆ ಈ ಕತೆಯ ನಡುಮಧ್ಯೆ ಇದೆ. 1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಕೆನಡಿ 'ಅಪರಾಧಿ ವರ್ಗ'ಗಳ ಕುರಿತು ಒಂದು ಕೈಪಿಡಿ ಪ್ರಕಟಿಸಿದ. 1909ರಲ್ಲಿ ಮದ್ರಾಸಿನ ಥರ್ಸ್ಟನ್ ಏಳು ಸಂಪುಟಗಳ ಜಾತಿ ವಿವರಣೆ ಹೊರತಂದ. ಈ ಎರಡರಲ್ಲೂ ನಮ್ಮ ಜಿಲ್ಲೆಯ ಮುಸ್ಲಿಮ್ ಸಮುದಾಯವೊಂದರ ಹೆಸರಿದೆ: ಛಪ್ಪರಬಂದ್. ಛಪ್ಪರ ಎಂದರೆ ಹುಲ್ಲಿನ ಮಾಡು, ಬಂದ್ ಎಂದರೆ ಕಟ್ಟುವವರು. ಮುಘಲ್ ಸೈನ್ಯದ ಜತೆ ಬಂದು ಡೇರೆ-ಗುಡಿಸಲುಗಳಿಗೆ ಹುಲ್ಲು ಹೊದಿಸುತ್ತಿದ್ದವರು, ಸೈನ್ಯ ಹೋದ ಮೇಲೆ ಇಲ್ಲಿಯೇ ಉಳಿದರು ಎಂಬುದು ಅವರ ಬಗ್ಗೆ ಇರುವ ಐತಿಹ್ಯ. 1686ರಲ್ಲಿ ಔರಂಗಜೇಬ್ ಬಿಜಾಪುರವನ್ನು ಗೆದ್ದದ್ದನ್ನು ನೆನೆದರೆ ಇದು ನಂಬುವಂತೆಯೇ ಇದೆ. ಇವರು ಖೊಟ್ಟಿ ನಾಣ್ಯ ಮಾಡುವವರು, ಫಕೀರರ ವೇಷದಲ್ಲಿ ದೇಶ ತಿರುಗಿ ಅವನ್ನು ಚಲಾಯಿಸುವವರು ಎಂದು ಆ ಪುಸ್ತಕಗಳು ಬರೆದವು. ಜೇಡಿಮಣ್ಣಿನ ಅಚ್ಚು, ಕರಗಿಸಿದ ತವರ, ಗುಂಪಿನ ಗುಪ್ತಭಾಷೆ, ಎಲ್ಲವನ್ನೂ ಹೋಮ್ಸ್ ಕತೆಯಷ್ಟೇ ರಸವತ್ತಾಗಿ ವರ್ಣಿಸಿದವು. ಹಳ್ಳಿಯಲ್ಲಿದ್ದಾಗ ಇವರು ಹೊಲ ಮಾಡುತ್ತಾರೆ, ಕೋಳಿ-ಕುರಿ ಸಾಕುತ್ತಾರೆ, ಹೆಂಗಸರು ಕೌದಿ ಹೊಲಿಯುತ್ತಾರೆ ಎಂಬ ಮಾತೂ ಅಲ್ಲಿಯೇ ಇದೆ. ಅದನ್ನು ಯಾರೂ ಗಮನಿಸಲಿಲ್ಲ.

ಖೊಟ್ಟಿ ನಾಣ್ಯದ ಮೊಕದ್ದಮೆಗಳು ನಡೆದದ್ದು, ಕೆಲವರಿಗೆ ಶಿಕ್ಷೆಯಾದದ್ದು ಸುಳ್ಳೆಂದು ನಾವು ಹೇಳುವುದಿಲ್ಲ. ನಮ್ಮವರೆಂಬ ಕಾರಣಕ್ಕೆ ತಪ್ಪನ್ನು ಮುಚ್ಚುವುದು ಪತ್ತೇದಾರಿಕೆಯೂ ಅಲ್ಲ, ನ್ಯಾಯವೂ ಅಲ್ಲ. ಆದರೆ ಒಳ್ಳೆಯ ಪತ್ತೇದಾರ ಕೇಳುವ ಪ್ರಶ್ನೆಗಳನ್ನು ಕೇಳಬೇಕಲ್ಲವೇ? ಸಾಕ್ಷಿ ಯಾರದು? ಪೊಲೀಸರದು ಮತ್ತು ಪೊಲೀಸರ ಕೈಯಲ್ಲಿ ಸಿಕ್ಕವರದು. ಕಾರಣವೇನು? ಛಪ್ಪರ ಹಾಕಿಸಿಕೊಳ್ಳುವ ಸೈನ್ಯವಿಲ್ಲ, ಮಳೆ ನಂಬಿದ ಎರೆಹೊಲ, 1876-78ರ ಬರದಲ್ಲಿ ಈ ಜಿಲ್ಲೆ ಹಳ್ಳಿಗೆ ಹಳ್ಳಿಯೇ ಬರಿದಾಯಿತು. ಹತ್ತು ಜನ ಮಾಡಿದ್ದಕ್ಕೆ ಸಾವಿರ ಜನ ಹೊಣೆಯೇ? ಕಾಯ್ದೆಗೆ ಈ ಪ್ರಶ್ನೆಗಳು ಬೇಕಾಗಿರಲಿಲ್ಲ. ಅದಕ್ಕೆ ಬೇಕಾದದ್ದು ಹೆಸರು ಒಂದೇ.

ಛಪ್ಪರಬಂದರೊಬ್ಬರೇ ಅಲ್ಲ, ಹರಣಶಿಕಾರಿ, ಕೊರವ, ಘಂಟಿಚೋರ ಎಂದು ಕರೆಸಿಕೊಂಡವರ ಮೇಲೂ ಇದೇ ಹಣೆಪಟ್ಟಿ ಬಿತ್ತು. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ ಇವರನ್ನು ತಂತಿಬೇಲಿಯ ವಸಾಹತುಗಳಲ್ಲಿ ಕೂಡಿಹಾಕಿ ದುಡಿಮೆ ಕಲಿಸುವ ಪ್ರಯೋಗವನ್ನು ಆರಂಭಿಸಿದ್ದು ನಮ್ಮ ಜಿಲ್ಲೆಯಲ್ಲಿಯೇ. ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಅಂಥ ವಸಾಹತುಗಳಾದವು, ಗಿರಣಿಗಳಿಗೆ ಅಗ್ಗದ ಕೂಲಿಗಳು ಸಿಕ್ಕರು. ಕೆಲವರಿಗೆ ಅಕ್ಷರವೂ ಕೆಲಸವೂ ಸಿಕ್ಕವು ಎಂಬುದು ದಿಟ, ಬೇಲಿ ದಾಟಲು ಚೀಟಿ ಬೇಕಿತ್ತು ಎಂಬುದೂ ದಿಟ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ ಮುಂಬಯಿ ಪ್ರಾಂತ ಈ ಕಾಯ್ದೆಯನ್ನು ಕಿತ್ತುಹಾಕಿತು. 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಅದು ರದ್ದಾಯಿತು. 'ಜಾಸೂಸಿ ದುನಿಯಾ' ಹುಟ್ಟಿದ ವರ್ಷವೇ ಅದು. ಕಾಯ್ದೆ ಹೋಯಿತು. ಗುಮಾನಿ?

ನಮ್ಮ ತರಗತಿಯ ಒಂದು ಪ್ರಕರಣ

ನಾವು ಒಂಬತ್ತನೆಯ ತರಗತಿಯಲ್ಲಿದ್ದೆವು. ಯಾವ ಊರಿನ ಯಾವ ಶಾಲೆ ಎಂಬುದು ಇಲ್ಲಿ ಬೇಡ. ಪರೀಕ್ಷೆಯ ಫೀಸಿಗೆಂದು ಗುರುಗಳು ಕೂಡಿಸಿ ಮೇಜಿನ ಮೇಲೆ ಇಟ್ಟಿದ್ದ ನಲವತ್ತೋ ಐವತ್ತೋ ರೂಪಾಯಿ ಕಾಣೆಯಾಯಿತು. ನಮ್ಮ ಜತೆ ಒಬ್ಬ ಹುಡುಗನಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಚಪ್ಪರಬಂದ' ಎಂದಿತ್ತು. ಗುರುಗಳು ಏನೂ ಹೇಳಲಿಲ್ಲ, ತಲೆ ಎತ್ತಿ ಅವನ ಕಡೆ ನೋಡಿದರು. ಅಷ್ಟೇ. ಇಡೀ ತರಗತಿ ಅತ್ತ ತಿರುಗಿತು. ಅವನ ಚೀಲವನ್ನು ನೆಲದ ಮೇಲೆ ಸುರಿದಾಗ ಒಂದು ಪಾಟಿ, ಎರಡು ನೋಟ್‌ಬುಕ್, ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಉರುಳಿದವು. ಬೆಂಚಿನ ಕೆಳಗೆ ಪತ್ತೇದಾರ ಪುರುಷೋತ್ತಮನನ್ನು ಇಟ್ಟುಕೊಂಡು ಓದುತ್ತಿದ್ದ ನಾವು, ಸುಳಿವು ಹುಡುಕದೆ ಯಾರನ್ನೂ ದೂಷಿಸಬಾರದೆಂದು ನೂರು ಪುಸ್ತಕಗಳಿಂದ ಕಲಿತಿದ್ದ ನಾವು, ಅವನ ಕಡೆಯೇ ನೋಡಿದೆವು. ಅವನು ನಮ್ಮದೇ ಓಣಿಯವ, ನಮ್ಮ ಜತೆಗೇ ಜುಮ್ಮಾ ನಮಾಜಿಗೆ ನಿಲ್ಲುವವ.

ಮೂರನೆಯ ದಿನ ಹಣ ಸಿಕ್ಕಿತು. ಹಾಜರಿ ಪುಸ್ತಕದ ರಟ್ಟಿಗೆ ಹಾಕಿದ್ದ ಕಂದು ಕಾಗದದ ಒಳಗೆ ಸರಿದುಹೋಗಿತ್ತು. ಗುರುಗಳು ಅದನ್ನು ಎಣಿಸಿ ಕಿಸೆಯಲ್ಲಿ ಇಟ್ಟು ಪಾಠ ಮುಂದುವರಿಸಿದರು. ಹುಡುಗ ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಅವನ ಮನೆಯ ಬಡತನ ಅದಕ್ಕೆ ಕಾರಣ ಎಂದು ನಾವು ನಮಗೇ ಹೇಳಿಕೊಂಡೆವು.

ನಮ್ಮ ದಾದಿಗೆ ಜಾಸೂಸಿ ಪುಸ್ತಕ ಎಂದರೆ ಆಗುತ್ತಿರಲಿಲ್ಲ. ಜಾಸೂಸ್ ಎಂಬ ಪದ ಅರಬಿಯ 'ತಜಸ್ಸುಸ್'ನ ಬಳಗದ್ದು, ಇತರರ ಗುಟ್ಟು ಕೆದಕುವುದು ಎಂದರ್ಥ. ಕುರ್‌ಆನಿನ 'ಅಲ್ ಹುಜುರಾತ್' ಅಧ್ಯಾಯ ಅದನ್ನು ನಿಷೇಧಿಸುತ್ತದೆ ಎಂದು ದಾದಿ ಗದರುತ್ತಿದ್ದರು. ಆ ಅಧ್ಯಾಯವನ್ನು ನಾವೇ ಕುಳಿತು ಓದಿದ್ದು ದೊಡ್ಡವರಾದ ಮೇಲೆ. ಗುಟ್ಟು ಕೆದಕುವುದಕ್ಕೂ ಮೊದಲು ಅಲ್ಲಿ ತಡೆದಿರುವುದು ಗುಮಾನಿಯನ್ನು. ಬಂದ ಸುದ್ದಿಯನ್ನು ಪರಿಶೀಲಿಸದೆ ಜನರ ಮೇಲೆ ಕ್ರಮಕ್ಕೆ ಮುಂದಾಗಬೇಡಿ, ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಆ ದಿನ ತರಗತಿಯಲ್ಲಿ ನಾವು ಮುರಿದದ್ದು ಇವೆರಡನ್ನೂ.

ಎಡಲ್ಜಿಯ ಕಣ್ಣು

ಹಾಗಾದರೆ ಈ ಪುಸ್ತಕಗಳನ್ನು ಕಟ್ಟಿ ಮತ್ತೆ ಟ್ರಂಕಿಗೆ ಹಾಕಬೇಕೇ? ಬೇಡ ಎನ್ನುತ್ತೇವೆ. ಅದಕ್ಕೆ ಕಾರಣ ಹೋಮ್ಸ್‌ನ ಕರ್ತೃವೇ ಒಮ್ಮೆ ನಿಜಜೀವನದಲ್ಲಿ ಮಾಡಿದ ಪತ್ತೇದಾರಿಕೆ. ಇಂಗ್ಲೆಂಡಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯಲ್ಲಿ 1903ರಲ್ಲಿ ಯಾರೋ ರಾತ್ರಿ ಹೊತ್ತು ಕುದುರೆ, ದನಗಳ ಹೊಟ್ಟೆ ಸೀಳುತ್ತಿದ್ದರು. ಊರಿನ ಪಾದ್ರಿ ಮುಂಬಯಿ ಮೂಲದ ಪಾರ್ಸಿ, ಕ್ರೈಸ್ತರಾದವರು. ಅವರ ಮಗ ಜಾರ್ಜ್ ಎಡಲ್ಜಿ ವಕೀಲ. ಊರಿನಲ್ಲಿ ಕಂದು ಮೈಯ ಮನೆತನ ಅದೊಂದೇ. ಪೊಲೀಸರ ಕಣ್ಣು ಎತ್ತ ಹೋಗಬೇಕೋ ಅತ್ತಲೇ ಹೋಯಿತು. ಏಳು ವರ್ಷದ ಶಿಕ್ಷೆಯಾಯಿತು. ಮೂರು ವರ್ಷಕ್ಕೆ ಬಿಟ್ಟರಾದರೂ ಕಳಂಕ ಹೋಗಲಿಲ್ಲ.

1907ರಲ್ಲಿ ಡಾಯ್ಲ್ ಅವನನ್ನು ಭೇಟಿಯಾಗಲು ಒಂದು ಹೋಟೆಲಿಗೆ ಹೋದ. ದೂರದಿಂದಲೇ ನೋಡಿದ: ಎಡಲ್ಜಿ ಪತ್ರಿಕೆಯನ್ನು ಮುಖಕ್ಕೆ ತೀರ ಹತ್ತಿರ ಹಿಡಿದು ಓರೆಯಾಗಿ ಓದುತ್ತಿದ್ದ. ಇಷ್ಟು ಮಂದದೃಷ್ಟಿಯವನು ಕಗ್ಗತ್ತಲಲ್ಲಿ ಹೊಲ, ಬೇಲಿ, ರೈಲುಹಳಿ ದಾಟಿ ಹೋಗಿ ಕುದುರೆ ಸೀಳಿದನೇ? ಡಾಯ್ಲ್ ಪತ್ರಿಕೆಯಲ್ಲಿ ಬರೆದ, ದೊಡ್ಡ ಚರ್ಚೆ ಎದ್ದಿತು. ಅದೇ ವರ್ಷ ಸರ್ಕಾರ ಎಡಲ್ಜಿಗೆ ಕ್ಷಮಾದಾನ ನೀಡಿತು, ಆದರೆ ಪರಿಹಾರದ ಹಣ ಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಅದೇ ವರ್ಷ ಸ್ಥಾಪನೆಯಾಗಲು ಈ ಪ್ರಕರಣವೂ ಒಂದು ಕಾರಣವಾಯಿತು. ಅಬ್ದುಲ್ಲಾ ಖಾನನನ್ನು ಖಳನಾಗಿ ಬರೆದ ಕೈಯೇ ಎಡಲ್ಜಿಗಾಗಿಯೂ ಬರೆಯಿತು. 1929ರಲ್ಲಿ ಪಾದ್ರಿಯೂ ಪತ್ತೇದಾರಿ ಲೇಖಕನೂ ಆಗಿದ್ದ ರೊನಾಲ್ಡ್ ನಾಕ್ಸ್ ಈ ಬಗೆಯ ಕತೆಗಳಿಗೆ ಹತ್ತು ನಿಯಮ ಮಾಡಿದ. ಅದರಲ್ಲೊಂದು, ಕತೆಯಲ್ಲಿ ಚೀನೀಯನನ್ನು ತರಬಾರದು ಎಂಬುದು. ಮೇಲ್ನೋಟಕ್ಕೆ ಕೆಟ್ಟದಾಗಿ ಕಾಣುವ ಆ ನಿಯಮ, ಪರದೇಶಿಯನ್ನು ತಂದು ಅವನ ತಲೆಗೆ ಅಪರಾಧ ಕಟ್ಟುವ ಸೋಮಾರಿ ಲೇಖಕರ ಮೇಲಿನ ಚಾಟಿ. ಹೊರಗಿನವನ ಕಡೆ ಬೆರಳು ತೋರಿಸುವುದು ಕೆಟ್ಟ ಕತೆ. ಬೆರಳು ತೋರಿಸುವವರ ನಡುವೆಯೇ ಅಪರಾಧಿಯನ್ನು ಹುಡುಕುವುದು ಒಳ್ಳೆಯ ಕತೆ. ಕ್ರಿಸ್ಟಿಯ ಪೊಯ್ರೋ ಸ್ವತಃ ನಿರಾಶ್ರಿತನಾಗಿ ಬಂದ ಬೆಲ್ಜಿಯಂನವ ಎಂಬುದನ್ನು ಮರೆಯಬಾರದು.

ಎಡಲ್ಜಿಗೆ ಕ್ಷಮಾದಾನ ಸಿಕ್ಕಿದ ಮರುವರ್ಷವೇ ಕೆನಡಿಯ ಕೈಪಿಡಿ ಹೊರಬಂತು. ಅಲ್ಲಿ ಒಬ್ಬನ ಮಂದದೃಷ್ಟಿಯನ್ನು ಗಮನಿಸುವ ಕಣ್ಣಿತ್ತು. ಇಲ್ಲಿ ಸಾವಿರಾರು ಮನೆಗಳ ಕೌದಿ, ಕುರಿ, ಹೊಲಗಳನ್ನು ಕಂಡೂ ಕಾಣದ ಕಣ್ಣುಗಳಿದ್ದವು. ಛಪ್ಪರಬಂದರಿಗೆ ಒಬ್ಬ ಡಾಯ್ಲ್ ದೊರೆಯಲಿಲ್ಲ. ಇಂದಿಗೂ ಎಲ್ಲಾದರೂ ಕಳವೋ ಸ್ಫೋಟವೋ ಆದರೆ ತನಿಖೆಗೆ ಮೊದಲೇ ಒಂದು ಹೆಸರು, ಒಂದು ಓಣಿ, ಒಂದು ಉಡುಪು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಾವು ಮುಸ್ಲಿಮರು ಇದರ ಬಿಸಿ ಬಲ್ಲವರು. ಆದರೆ ನಾವೂ ಆ ದಿನ ತಿರುಗಿ ನೋಡಿದವರೇ ಎಂಬುದನ್ನು ಹೇಳದೆ ಈ ಲೇಖನ ಮುಗಿಸಿದರೆ ಅದು ಕೊನೆಯ ಹಾಳೆ ಹರಿದ ಪುಸ್ತಕವಾದೀತು.

ಈಚೆಗೆ ಸಿಂದಗಿ ಕಡೆಯ ಒಂದು ಮದುವೆಯಲ್ಲಿ ಅವನು ಸಿಕ್ಕ. ಶಾಮಿಯಾನ ಹಾಕುವ ಕೆಲಸ ಅವನದು. ಮುನ್ನೂರು ವರ್ಷದ ಹಿಂದಿನ ಕಸುಬೇ ಬೇರೆ ಬಟ್ಟೆ ತೊಟ್ಟು ಬಂದಂತಿತ್ತು. ಇಬ್ಬರು ಆಳುಗಳಿಗೆ ಹಗ್ಗ ಬಿಗಿಯಲು ಹೇಳುತ್ತ ನಿಂತಿದ್ದ. ಗುರುತು ಹಿಡಿದು ಸಲಾಮ್ ಹೇಳಿದ. ಚಹಾ ತರಿಸಿದ. ನಾವು ಕತೆ ಬರೆಯುತ್ತೇವೆಂದು ಯಾರೋ ಅವನಿಗೆ ಹೇಳಿದ್ದರು. ಆಗ ನೀವು ಬೆಂಚಿನ ಕೆಳಗೆ ಪುಸ್ತಕ ಓದುತ್ತಿದ್ದದ್ದು ನನಗೆ ಗೊತ್ತಿತ್ತು ಎಂದು ನಕ್ಕ. 'ತುಮೇ ಕಿಸ್ಸೇ ಪಡ್ತೆ ಥೇ ಭಾಯ್, ಹಮೇ ಕಿಸ್ಸೆ ಮೇಚ್ ಥೇ' ಎಂದ. ನೀವು ಕತೆ ಓದುತ್ತಿದ್ದಿರಿ, ನಾವು ಕತೆಯ ಒಳಗೇ ಇದ್ದೆವು.

ಮೂವತ್ತು ವರ್ಷ ತಡವಾದ ಮಾಫಿಯನ್ನು ನಾವು ಕೇಳಿದೆವು. ಆ ಹೊತ್ತು ನಲವತ್ತೋ ಐವತ್ತೋ ರೂಪಾಯಿಗಾಗಿ ನಿನ್ನ ಕಡೆ ತಿರುಗಿ ನೋಡಿದ್ದು ತಪ್ಪಾಯಿತು ಎಂದೆವು. ಅವನು ಮೇಲೆ ಶಾಮಿಯಾನದ ಗಂಟು ಸರಿಯಿದೆಯೇ ಎಂದು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆತ್ತಗೆ ಲೆಕ್ಕ ತಿದ್ದಿದ:

'ಬಯಾಲೀಸ್ ರುಪಯೇ, ಆಠ್ ಆನೇ.'